ನೀರಿನ ಮನೆಯ ಗೋಡೆ ಮೇಲೆ ನಿನ್ನ ಹೆಸರು

ಪ್ರೀತಿಯ ನೆರ್ಗುಯ್ ಅಣ್ಣನಿಗೆ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಐದನೇ ತರಗತಿಗೇ ಶಾಲೆ ಬಿಟ್ಟವಳ ಕೈ ಇದು. ದೀರ್ಘ ಎಲ್ಲಿ ಬರಬೇಕು, ಎಲ್ಲಿ ಬಾರದು ಎಂದು ಇವತ್ತಿಗೂ ತಿಳಿಯುವುದಿಲ್ಲ. ನಾನು ಕಥೆ ಬರೆಯುವ ಪುಸ್ತಕವನ್ನು ನೀನೊಮ್ಮೆ ತೆರೆದು ನೋಡಿ, ಹಿಮದ ಮೇಲೆ ಕುರಿ ಹಿಂಡು ಓಡಿದ ಹಾಗಿದೆ ಎಂದು ನಕ್ಕಿದ್ದೆ. ಇದೂ ಹಾಗೇ ಇರುತ್ತದೆ. ಎದುರಿಗೆ ಕೂತರೆ ನನಗೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು.

ನಿನ್ನೆ ಮೊಸರು ಮಾರುವ ಅಕ್ಕ ಕುಡಿತ ಬಿಡಿಸುವ ಆ ಮನೆಗೆ ಹೋಗಿ ನಿನ್ನನ್ನು ನೋಡಿ ಬಂದರು. ನೀನು ಕಳಿಸಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. "ನನ್ನ ಹೆಸರನ್ನ ಊರಿಗೆಲ್ಲ ಹಂಚಿದ್ದಾಳೆ. ಶನಿವಾರ ಬಂದು ಕರ್ಕೊಂಡು ಹೋಗು ಅನ್ನಿ. ಬರದಿದ್ರೆ ನಾನೇ ಹೊರಟೆ." ಮೊದಲ ದಿನ ಅಲ್ಲಿ ನೀನು ಹೆಸರು ಹೇಳಿದ ಕೂಡಲೇ ಎಲ್ಲರೂ ನಕ್ಕರಂತೆ. ಇವರಿಗೆಲ್ಲ ನನ್ನ ವಿಷಯ ಮೊದಲೇ ಗೊತ್ತು ಎಂದು ನಿನಗೆ ಅನ್ನಿಸಿತಂತೆ. ಆ ಮನೆಗೆ ಬೀಗವಿಲ್ಲ. ನೀನು ಹೊರಟರೆ ಯಾರೂ ತಡೆಯುವುದಿಲ್ಲ. ಆದರೆ ಹೊರಡುವ ಮೊದಲು ಅವರು ಯಾಕೆ ನಕ್ಕರು ಎಂಬುದು ನಿನಗೆ ಗೊತ್ತಾಗಬೇಕು.

ಹೋದ ಚಳಿಗಾಲ ಒಂದು ಬೆಳಿಗ್ಗೆ ಬೇಲಿಯ ಪಕ್ಕದಲ್ಲಿ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ನಾನು ಹೋಗಿ ನೋಡಿದಾಗ ಕುಡಿದು ಬಿದ್ದಿದ್ದ ನಿನ್ನ ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು. ಉಸಿರು ಇದೆಯೋ ಇಲ್ಲವೋ ಎಂದು ಬಾಯಿಯ ಹತ್ತಿರ ಕೆನ್ನೆ ಇಟ್ಟು ಕಾದೆ. ಅವತ್ತಿನಿಂದ ಮುಂದಿನ ಚಳಿಗಾಲದ ಒಳಗೆ ಬಿಡಿಸಬೇಕು ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಇತ್ತು.

ಈ ಊರಲ್ಲಿ ಬಾಟಲಿ ಎಲ್ಲಿ ಸಿಗುತ್ತದೆ ಎಂದು ಕೇಳುವುದೇ ಬೇಡ, ಬೀದಿಗೆ ನಾಲ್ಕು ಅಂಗಡಿ. ಕುಡಿತ ಬಿಡಿಸುವವರು ಎಲ್ಲಿದ್ದಾರೆ ಎಂದು ಕೇಳಿದರೆ ಎಲ್ಲರೂ ದೂರದ ಗುಡ್ಡದ ಕಡೆ ಕೈ ತೋರಿಸುತ್ತಾರೆ. ನಾನು ಮೊದಲು ಹೋದದ್ದು ಲಾಮಾ ಬಳಿಗೆ. ಅವರು ಮಂತ್ರ ಓದಿ, ಒಂಬತ್ತು ದಿನ ಕೆಂಪು ಬಟ್ಟೆ ತೊಡಿಸಬೇಡ ಅಂದರು. ನಿನ್ನ ಹತ್ತಿರ ಕೆಂಪು ಬಟ್ಟೆ ಇದ್ದದ್ದೇ ಇಲ್ಲ. ಆಮೇಲೆ ಸೂಜಿ ಚುಚ್ಚುವವನೊಬ್ಬ ಸಿಕ್ಕಿದ. ಈ ಔಷಧಿ ಮೈಯಲ್ಲಿರುವಾಗ ಕುಡಿದರೆ ಸಾಯುತ್ತಾನೆ, ಆ ಹೆದರಿಕೆಗೆ ಬಿಡುತ್ತಾನೆ ಎಂದ. ಸಾಯುವುದಕ್ಕೆ ಹೆದರುವವನಾಗಿದ್ದರೆ ನೀನು ಹಿಮದಲ್ಲಿ ಮಲಗುತ್ತಿದ್ದೆಯಾ? ದೊಡ್ಡ ಆಸ್ಪತ್ರೆಯಲ್ಲಿ ಕಿಟಕಿಯ ಹುಡುಗಿ ನಿನ್ನ ವಿಳಾಸ ಇನ್ನೂ ನಮ್ಮ ಹಳ್ಳಿಯ ಕಡೆಯ ಝವ್ಖಾನ್‌ದೇ ಇದೆ, ಅಲ್ಲಿಂದ ಕಾಗದ ತರಬೇಕು ಅಂದಳು. ಅಲ್ಲಿಗೆ ಬಸ್ಸಿನಲ್ಲಿ ಒಂದೂವರೆ ದಿನದ ದಾರಿ. ಅಷ್ಟು ಹೊತ್ತು ನಿನ್ನನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ?

ಬೇಸಗೆಯ ಕೊನೆಗೆ ಒಂದು ದಿನ ಕುಡಿಯುವ ನೀರು ಮಾರುವ ನೀರಿನ ಮನೆಯ ಮುಂದೆ ಡಬ್ಬ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆ. ಗೋಡೆಗೆ ಒಂದು ಹೊಸ ಹಾಳೆ ಅಂಟಿಸಿದ್ದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನೆರ್ಗುಯ್. ಕುಡುಕರು. ಗುರುವಾರ ಐದು ಗಂಟೆ. ಟೈರ್ ಅಂಗಡಿಯ ಮಹಡಿ.

ನನ್ನ ಮುಖಕ್ಕೆ ಕೆಂಡ ಹೊಡೆದ ಹಾಗಾಯಿತು. ನಮ್ಮಣ್ಣನ ಹೆಸರು, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಅವನೇ ಈ ಕುಡುಕರ ಗುಂಪಿನ ನಾಯಕ ಎನ್ನುವ ಹಾಗೆ. ಹಿಂದೆ ನಿಂತವಳು ನನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು. ಹಾಳೆಯನ್ನು ಕಿತ್ತು ಕೋಟಿನ ಒಳಗೆ ಹಾಕಿಕೊಂಡು, ನೀರನ್ನೂ ತುಂಬಿಸದೆ ಬಂದೆ. ಅವತ್ತು ಟೀ ಯಾಕಿಲ್ಲ ಎಂದು ನೀನು ಕೂಗಾಡಿದೆ. ಕಾರಣ ಇದು.

ಆದರೆ ಒಂದು ಕುತೂಹಲವೂ ಶುರುವಾಯಿತು. ಯಾರು ಬರೆದಿರಬಹುದು? ಬರೆಯುವಷ್ಟು ನೀನು ಅವರಿಗೆ ಏನು ಮಾಡಿದೆ? ಗುರುವಾರ ಆ ಮಹಡಿಯಲ್ಲಿ ನಿನ್ನ ಬಗ್ಗೆ ಏನು ಮಾತಾಡುತ್ತಾರೆ? ಅಂಗಡಿಯವನ ಎದುರು ಎರಡು ಮಾತು ಆಡಲಾರದ ನಾನು ಆ ಗುರುವಾರ ಮೆಟ್ಟಿಲು ಹತ್ತಿದ್ದು ಈಗಲೂ ನನಗೆ ನಂಬಿಕೆಯಾಗುವುದಿಲ್ಲ.

ಒಳಗೆ ಹತ್ತು ಹನ್ನೆರಡು ಮಂದಿ ಸುತ್ತ ಕೂತು ಟೀ ಕುಡಿಯುತ್ತಿದ್ದರು. ಅವರಲ್ಲೊಬ್ಬರಾದ ಮೊಸರಕ್ಕ ನನ್ನನ್ನು ಕೂರಿಸಿ, "ಹೆಸರು ಹೇಳೋದು ಬೇಡ ತಂಗಿ, ಸುಮ್ನೆ ಕೂತ್ಕೋ" ಅಂದರು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಡಿದು, "ನಮ್ಮಣ್ಣನ ಹೆಸರು ಯಾಕೆ ಬರೆದ್ರಿ? ಈ ಊರಲ್ಲಿ ಅವನೊಬ್ಬನೇನಾ ಕುಡಿಯೋದು?" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮೂಲೆಯಲ್ಲಿದ್ದ ದಪ್ಪ ದೇಹದ ಲಾರಿ ಡ್ರೈವರ್ ಹಾಳೆಯನ್ನು ಒಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ತಂಗಿ, ಇಲ್ಲಿ ನಮ್ಮೆಲ್ಲರ ಹೆಸರೂ ಅದೇ" ಅಂದರು.

ಆಗ ನನಗೆ ಹೊಳೆಯಿತು ಅಣ್ಣ. ನೆರ್ಗುಯ್ ಅಂದರೆ ಹೆಸರಿಲ್ಲದ್ದು. ನಿನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ ಎಂದು, ಕೆಟ್ಟದ್ದು ಹುಡುಕಿಕೊಂಡು ಬಂದರೂ ಸಿಗಬಾರದು ಎಂದು ಅಮ್ಮ ನಿನಗೆ ಹೆಸರಿಲ್ಲ ಎಂಬುದನ್ನೇ ಹೆಸರಾಗಿ ಇಟ್ಟಳು. ನಿನ್ನನ್ನು ಕರೆದು ಕರೆದು ಆ ಪದಕ್ಕೆ ಒಂದು ಅರ್ಥವಿದೆ ಎಂಬುದೇ ನನಗೆ ಮರೆತುಹೋಗಿತ್ತು. ಹಾಳೆಯಲ್ಲಿದ್ದದ್ದು ಹೆಸರು ಹೇಳದ ಕುಡುಕರ ಸಭೆ ಎಂದು. ಮನುಷ್ಯನ ಹೆಸರಿಗೆ ಮಾತ್ರ ಮೊದಲ ಅಕ್ಷರ ದೊಡ್ಡದು ಎಂದು ಶಾಲೆಯಲ್ಲಿ ಕಲಿತಿದ್ದೆ, ಎಲ್ಲವೂ ದೊಡ್ಡ ಅಕ್ಷರದಲ್ಲಿದ್ದರೆ ನನ್ನಂಥವಳಿಗೆ ಯಾವುದು ಹೆಸರು, ಯಾವುದು ಬರೀ ಮಾತು ಎಂದು ಹೇಗೆ ಗೊತ್ತಾಗಬೇಕು? ಅವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ. ಈ ಕಥೆ ನೀನಿರುವ ಮನೆಗೂ ಹೋಗಿತ್ತು. ಅದಕ್ಕೇ ನೀನು ಹೆಸರು ಹೇಳಿದಾಗ ಅವರಿಗೆ ನಗು ಬಂದದ್ದು. ನಕ್ಕದ್ದು ನನ್ನನ್ನು ನೆನೆದು, ನಿನ್ನನ್ನಲ್ಲ.

ಅವರು ಮತ್ತೆ ಬಾ ಅಂದರು, ಹೋದೆ. ಮೂರು ಗುರುವಾರ ಗೋಡೆಗೆ ಒರಗಿ ಕೂತು ಕೇಳಿದೆ. ಒಬ್ಬರು ಹೆಂಡತಿಗೆ ಗೊತ್ತಾಗಬಾರದೆಂದು ಬಾಟಲಿಗಳನ್ನು ಹಿಮದಲ್ಲಿ ಹೂಳುತ್ತಿದ್ದರಂತೆ. ಹಿಮ ಕರಗಿದಾಗ ಅಂಗಳದ ತುಂಬ ಬಾಟಲಿಗಳು ಎದ್ದು ನಿಂತವಂತೆ. ಇನ್ನೊಂದು ವಾರ ಪೂರ್ತಿ ಒಂದೇ ವಿಷಯ. ಹೊಸ ವರ್ಷದ ಹಬ್ಬದಲ್ಲಿ ಮಾವ ಬಟ್ಟಲು ಚಾಚಿದರೆ ಬೇಡ ಎಂದು ಹೇಗೆ ಹೇಳುವುದು? ಆಡಿ ತೋರಿಸಲು ಲಾರಿ ಅಣ್ಣ ಮಾವನಾದರು. ಖಾಲಿ ಬಟ್ಟಲು ಹಿಡಿದು, "ನನ್ನ ಕೈಯಿಂದ ತಗೊಳ್ಳಲ್ಲ ಅಂದ್ರೆ, ನಾನು ಸತ್ತೋದೆ ಅಂತ ಲೆಕ್ಕನಾ ಅಳಿಯ?" ಎಂದು ಕಣ್ಣು ಕೆಂಪು ಮಾಡಿದರು. ಅಳಿಯನಾದವರು ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು, ಉಂಗುರದ ಬೆರಳು ಅದ್ದಿ ಆಕಾಶಕ್ಕೆ ಚಿಮುಕಿಸಿ, ತುಟಿಗೆ ಮುಟ್ಟಿಸಿ, ತಲೆ ಬಾಗಿಸಿ ಹಿಂದೆ ಕೊಟ್ಟರು. ಅಷ್ಟೇ. ಮರ್ಯಾದೆಯೂ ಉಳಿಯಿತು, ಗಂಟಲೂ ಒಣಗಿಯೇ ಇತ್ತು. ಈ ದಾರಿ ನಮ್ಮ ಅಜ್ಜಂದಿರ ಕಾಲದಿಂದ ಇದ್ದರೂ ನಮಗೆ ಯಾರೂ ಯಾಕೆ ತೋರಿಸಲಿಲ್ಲ?

ಆ ಮನೆಯ ವಿಷಯ ಹೇಳಿದ್ದು ಲಾರಿ ಅಣ್ಣನೇ. ಅಲ್ಲಿ ವೈದ್ಯರಿದ್ದಾರೆ, ಎರಡು ತಿಂಗಳು ಇರಬೇಕು, ಹಳ್ಳಿಯ ಕಾಗದ ಕೇಳುವುದಿಲ್ಲ ಅಂದರು. ಅವರೂ ಮೊಸರಕ್ಕನೂ ಕಾರಿನಲ್ಲಿ ಬಂದಾಗ ನೀನು ಪೊಲೀಸರು ಅಂದುಕೊಂಡೆ. ಮೈ ನಡುಗುತ್ತಿದ್ದುದರಿಂದ ಸುಮ್ಮನೆ ಹತ್ತಿದೆ. ಮೊದಲೇ ನಿನಗೆ ಹೇಳಲಿಲ್ಲ, ಅದು ನನ್ನ ತಪ್ಪು. ಹೇಳಿದರೆ ಓಡಿಹೋಗುತ್ತೀಯ ಎಂಬ ಭಯ ಇತ್ತು.

ಇಷ್ಟು ವರ್ಷ ನಿನ್ನನ್ನು ಬೈದೆ, ಬಾಟಲಿ ಚೆಲ್ಲಿದೆ. ಕೇಳಬೇಕಾದದ್ದನ್ನು ಕೇಳಲಿಲ್ಲ. ಮೊದಲ ಗುಟುಕು ಇಳಿಯುವಾಗ ನಿನಗೆ ಏನು ಕಾಣುತ್ತದೆ? ಅಮ್ಮನಾ, ಹಳ್ಳಿಯ ನಮ್ಮ ಕುದುರೆಗಳಾ? ಅಥವಾ ಏನೂ ಕಾಣದಿರುವುದೇ ಬೇಕಾಗಿತ್ತಾ? ಈಗ ಬೈಯಲು ಕೇಳುತ್ತಿಲ್ಲ. ನಿಜವಾಗಿ ತಿಳಿಯಬೇಕಿದೆ. ನೀನು ಅಲ್ಲೇ ಉಳಿದರೆ ಬರೆದು ಕಳಿಸು. ನಿನ್ನ ಅಕ್ಷರ ನನ್ನದಕ್ಕಿಂತ ಚಂದ.

ಶನಿವಾರ ನಾನು ಬರುತ್ತೇನೆ. ಕರೆದುಕೊಂಡು ಹೋಗಲು ಅಲ್ಲ, ನೋಡಲು. ನೀನು ಹೋದ ದಿನ ಬಿಸಿಲಿತ್ತು, ಕಾಲಿಗೆ ಚಪ್ಪಲಿ ಹಾಕಿಕೊಂಡು ಹೋದೆ. ಈಗ ತೊಲಾ ನದಿಯ ಅಂಚು ಹೆಪ್ಪುಗಟ್ಟಿದೆ. ಬೂಟು ಕೊಡಬೇಡ, ಬೂಟಿಲ್ಲದೆ ಎಲ್ಲಿಗೆ ಹೋಗುತ್ತಾನೆ ಎಂದು ಮೊಸರಕ್ಕ ಹೇಳಿದರು. ರಾತ್ರಿಯೆಲ್ಲ ಯೋಚಿಸಿದೆ. ಬೂಟಿಲ್ಲ ಎಂಬ ಕಾರಣಕ್ಕೆ ನೀನು ಅಲ್ಲಿ ಉಳಿಯುವುದು ನನಗೆ ಬೇಡ.

ಆಕಾಶ ನಿನ್ನನ್ನು ಬೆಚ್ಚಗಿಡಲಿ ಅಣ್ಣ. ಇವತ್ತು ಬೆಳಿಗ್ಗೆ ನಿನ್ನ ಬೂಟಿಗೆ ಕುರಿಬಾಲದ ಕೊಬ್ಬು ತಿಕ್ಕಿ, ಒಳಗೆ ಹೊಸ ಉಣ್ಣೆ ಹಾಸಿ, ಈ ಪತ್ರದ ಜೊತೆ ಕಟ್ಟಿಟ್ಟಿದ್ದೇನೆ.

ನಿನ್ನ ತಂಗಿ,
ದುಲ್ಮಾ