ಗಡಿಯಾರ ಮುಟ್ಟಿದ್ದು ಯಾರು

ಜೂನ್ 4, ಮಧ್ಯಾಹ್ನ

ಪೆನ್‌ಡ್ರೈವ್ ಮತ್ತೆ ಕೈಕೊಟ್ಟಿತು. ಹೊಸ ಸಿಸ್ಟಮ್ ಹಾಕಲು ಡಿಸ್ಕ್ ಪಾಲು ಮಾಡುವ ಹೊತ್ತಿಗೇ ಸರಿಯಾಗಿ ನಿಂತುಬಿಡುತ್ತದೆ. ಹಾಳಾದ್ದು! ಅತ್ತಿಗೆಯ ಪೆನ್‌ಡ್ರೈವ್ ಕಿತ್ತುಕೊಂಡು ಬಂದು ಹಾಕಿದೆ. ಈ ಸಲ ಗೊಣಗದೆ ಮುಗಿಸಿತು.

ಈಗ ಅಂಗಡಿಯ ಒಂದೇ ಕಂಪ್ಯೂಟರ್‌ನಲ್ಲಿ ಎರಡು ಸಂಸಾರ. ಅಣ್ಣನಿಗೆ ಅವನ ಓಬೀರಾಯನ ಕಾಲದ ವಿಂಡೋಸ್ — ಅಕ್ಷರ ಕೆತ್ತುವ ಮೆಷಿನ್ ಬೇರೆ ಯಾರ ಮಾತೂ ಕೇಳುವುದಿಲ್ಲ. ನನಗೆ ಈ ಹೊಸ ಸಿಸ್ಟಮ್, ಲಿನಕ್ಸ್. ಹಳೆಯದರಲ್ಲಿ ಒಂದು ಗೆರೆ ಎಳೆದರೆ ಟೀ ಕುಡಿದು ಬರಬೇಕಿತ್ತು. ನಡುವೆ ಇಬ್ಬರಿಗೂ ಸೇರಿದ ಒಂದು ಫೋಲ್ಡರ್. ನಾನು ನಾಮಫಲಕದ ಡಿಸೈನ್ ಮಾಡಿ ಅದರಲ್ಲಿ ಹಾಕುವುದು, ಅವನು ತೆಗೆದು ಕೆತ್ತುವುದು. ಬೆಳಿಗ್ಗೆ ಅವನ ಸರದಿ, ಮಧ್ಯಾಹ್ನದ ಮೇಲೆ ನನ್ನದು.

ಈ ದಿನಚರಿ ನನ್ನ ಪಾಲಿನ ಡಿಸ್ಕ್‌ನಲ್ಲಿದೆ. ಅವನ ಕಡೆಯಿಂದ ಕಾಣುವುದೇ ಇಲ್ಲ. ಹಾಯಾಗಿ ಬೈಯಬಹುದು.

ಜೂನ್ 4, ಸಂಜೆ

ಕೆನ್ನೆ ಉರಿಯುತ್ತಿದೆ.

ಕಂಪ್ಯೂಟರ್ ಆರಿಸಿ ಹಚ್ಚಿದರೆ, ಯಾವ ಸಿಸ್ಟಮ್ ಬೇಕು ಅಂತ ಕೇಳುವ ಮೆನುವಿನಲ್ಲಿ ನನ್ನದೊಂದೇ. ವಿಂಡೋಸ್ ಮಾಯ. ಅಣ್ಣ ಅದೇ ಹೊತ್ತಿಗೆ ಕೆಳಗಿಳಿದು ಬರಬೇಕೇ!

“ನಂದೆಲ್ಲಿ? ಅಪ್ಪ ಕೂತು ಮಾಡಿಟ್ಟ ಅಕ್ಷರ ಎಲ್ಲಾ ಅದ್ರಲ್ಲೇ ಇತ್ತು ಕಣೇ! ಒರೆಸಿ ಹಾಕಿದ್ಯಾ?”

“ಒಂದು ನಿಮಿಷ ಬಾಯಿ ಮುಚ್ಕೊಂಡು ನಿಂತ್ಕೋ—”

ಛಟೀರ್.

ನಾನೇನು ಸುಮ್ಮನಿರುವವಳೇ? ಕೀಬೋರ್ಡ್ ಎತ್ತಿ ಭುಜಕ್ಕೆ ಬಿಟ್ಟೆ. ಗುಂಡಿಗಳು ಚೆಲ್ಲಾಪಿಲ್ಲಿ. ಅತ್ತಿಗೆ ಮೆಟ್ಟಿಲ ಮೇಲಿಂದಲೇ ಕೂಗಿದಳು: “ಗಿರಾಕಿ ಬರೋ ಹೊತ್ತು, ಮಾನ ಮರ್ಯಾದೆ ಏನಾದ್ರೂ ಇದೆಯಾ ನಿಮಗೆ?”

ಏನೂ ಒರೆಸಿಹೋಗಿರಲಿಲ್ಲ. ಇನ್ನೊಂದು ಸಿಸ್ಟಮ್ ಎಲ್ಲಿದೆ ಹುಡುಕು ಅಂತ ಮೆನುವಿಗೆ ಹೇಳಬೇಕಿತ್ತು, ಹೇಳಿದೆ, ಬಂತು. ಅಣ್ಣ ನೋಡಿ, “ಮೊದ್ಲೇ ಹೇಳೋಕೆ ಏನಾಗಿತ್ತು ರೋಗ?” ಅಂದ. ಅಷ್ಟೇ ಅವನ ಕ್ಷಮಾಪಣೆ. ಅಪ್ಪ ನಮ್ಮೊಂದಿಗೆ ಕೈಯಲ್ಲೇ ಮಾತಾಡುತ್ತಿದ್ದರು, ನಮಗೂ ಬಂದದ್ದು ಆ ಭಾಷೆಯೇ. ಬಿದ್ದ ಗುಂಡಿ ಆರಿಸಿಕೊಟ್ಟವನು ಅವನೇ, ಅದು ಬೇರೆ ಮಾತು.

ಜೂನ್ 9 — ಕಂಪ್ಯೂಟರ್ ಪ್ರಕಾರ ರಾತ್ರಿ. ಹೊರಗೆ ಸುಡುಬಿಸಿಲು.

ನನ್ನ ಗಡಿಯಾರ ಗಂಟೆಗಟ್ಟಲೆ ಮುಂದೆ ಓಡಿದೆ. ನಿನ್ನೆ ಸರಿ ಮಾಡಿದ್ದೆ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಿದ್ದವನು ಅಣ್ಣ. ಕೇಳಿದೆ.

“ನಾನ್ಯಾಕೆ ಮುಟ್ಲಿ ನಿಂದನ್ನ? ನಂದನ್ನ ದಿನಾ ಹಿಂದಕ್ಕೆ ತಿರುಗಿಸಿ ಇಡ್ತೀಯಲ್ಲ, ನೀನು ಹೇಳು ಮೊದ್ಲು. ಬೆಳಿಗ್ಗೆ ಬಂದು ನೋಡಿದ್ರೆ ಇನ್ನೂ ನಸುಕು ತೋರಿಸ್ತಿರುತ್ತೆ. ಸರಿ ಮಾಡಿ ಮಾಡಿ ಸಾಕಾಯ್ತು.”

ಮುಖದ ಮೇಲೆ ಹೊಡೆದ ಹಾಗೆ ಸುಳ್ಳು. ನಾನು ಅವನ ವಿಂಡೋಸ್ ಕಡೆ ಕಾಲೂ ಇಡುವುದಿಲ್ಲ.

ಜೂನ್ 17

ಡಾಕ್ಟರ್ ಬೋರ್ಡ್ ಹಾಳು. ಕೊನೆಯಲ್ಲಿ ತಿದ್ದಿದ ಡಿಸೈನ್ ಬಿಟ್ಟು ಅಣ್ಣ ಕಚ್ಚಾ ಡಿಸೈನ್ ಕೆತ್ತಿದ್ದಾನೆ. ಅವನದು ಅಪ್ಪನ ಕಾಲದ ಪದ್ಧತಿ: ಹೆಸರು ಓದುವುದಿಲ್ಲ, ಫೋಲ್ಡರ್‌ನಲ್ಲಿ ಎಲ್ಲಕ್ಕಿಂತ ಮೇಲಿರುವುದು, ಅಂದರೆ ಎಲ್ಲಕ್ಕಿಂತ ಹೊಸದು, ಅದನ್ನೇ ಮೆಷಿನ್‌ಗೆ ಕೊಡುವುದು.

ಹೋಗಿ ನೋಡಿದೆ. ಕಚ್ಚಾ ಡಿಸೈನ್ ಮೇಲೇ ಕೂತಿದೆ! ಅದರ ಸಮಯ ನೋಡಿ ಮೈಯೆಲ್ಲಾ ಉರಿಯಿತು. ನಡುರಾತ್ರಿ. ನಾನು ಸಂಜೆಯೇ ಶಟರ್ ಎಳೆದು ಮೇಲೆ ಹೋಗಿದ್ದೆ. ಬೀಗದ ಇನ್ನೊಂದು ಕೈ ಇರುವುದು ಅವನ ಹತ್ತಿರ.

“ರಾತ್ರಿ ಕೆಳಗಿಳಿದು ನನ್ನ ಕೆಲ್ಸ ಕೆದಕಿದ್ಯಲ್ಲ, ನಾಚಿಕೆ ಆಗಲ್ವಾ?”

“ತಲೆ ಕೆಟ್ಟಿದ್ಯಾ? ನಾನು ಮಲಗಿದ್ದೆ. ನಿನ್ ಅತ್ತಿಗೇನೇ ಕೇಳು.”

“ಲಿನಕ್ಸ್ ಸರಿಯಿಲ್ಲ ಅಂತ ತೋರಿಸಿ ಕಿತ್ತು ಹಾಕಿಸಬೇಕು, ಅದಕ್ಕೆ ಈ ನಾಟಕ!”

“ಹೌದು, ಕಿತ್ತು ಹಾಕು! ಅದು ಬಂದಾಗ್ಲಿಂದ ಮನೇಲಿ ನೆಮ್ಮದಿ ಇಲ್ಲ. ಇಲ್ಲಾಂದ್ರೆ ಅದನ್ನೂ ನಿನ್ನನ್ನೂ ಬೀದಿಗೆ ಹಾಕ್ತೀನಿ.”

ಜಡೆ ಹಿಡಿದು ಬಾಗಿಲವರೆಗೆ ಎಳೆದ. ಕೈ ಕಚ್ಚಿದೆ. ಬಿಡಲಿಲ್ಲ. ಇನ್ನೂ ಜೋರಾಗಿ ಕಚ್ಚಿದೆ. ಬಾಯಲ್ಲಿ ಉಪ್ಪು. ಆಗ ಬಿಟ್ಟ. ಅತ್ತಿಗೆ ನಡುವೆ ನಿಂತಳು, ಇಬ್ಬರ ಏಟಿನಲ್ಲೂ ಅವಳಿಗೆ ಪಾಲು ಸಿಕ್ಕಿತು, ಪಾಪ.

ಅಂಗಡಿಯಲ್ಲಿ ನನ್ನದು ಅಂತ ಇರುವುದು ಆ ಅರ್ಧ ಡಿಸ್ಕ್ ಒಂದೇ. ಅದನ್ನು ಕೀಳುತ್ತಾನಂತೆ. ಕಿತ್ತು ನೋಡಲಿ.

ಜೂನ್ 18

ಮಾತಿಲ್ಲ. ಅವನ ಕೈಗೆ ಪಟ್ಟಿ, ನನ್ನ ನೆತ್ತಿಯಲ್ಲಿ ಕೂದಲು ಕಿತ್ತ ಜಾಗ. ಅತ್ತಿಗೆಯ ಮೂಲಕ ಸಂದೇಶ: ಶಾಲೆಯವರ ದೊಡ್ಡ ಕೆಲಸ ಬಂದಿದೆಯಂತೆ, ಗೋಡೆಗೆ ಹಾಕುವ ತೆಳು ಹಿತ್ತಾಳೆ ತಗಡಿನ ಫಲಕ, ಸೇವೆ ಮಾಡಿದ ಶಿಕ್ಷಕರ ಹೆಸರೆಲ್ಲಾ. ಸರಿ, ಮಾಡುತ್ತೇನೆ ಅಂದೆ. ಕೆಲಸ ಬೇರೆ, ಜಗಳ ಬೇರೆ.

ಗಡಿಯಾರ ಇವತ್ತೂ ಮುಂದೆ. ಹಲ್ಲು ಕಚ್ಚಿ ಸರಿ ಮಾಡಿದೆ. ಇನ್ನು ಕೂತ ತಕ್ಷಣ ಮೊದಲು ಗಡಿಯಾರ, ಆಮೇಲೆ ಕೆಲಸ.

ಜೂನ್ 26

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ಶಾಲೆಯ ಮೇಡಂ ಬೆನ್ನ ಹಿಂದೆಯೇ ನಿಂತಿದ್ದರು. ಗಡಿಬಿಡಿಯಲ್ಲಿ ಗಡಿಯಾರ ನೋಡದೆ ಶುರು ಮಾಡಿದೆ. ಒಂದು ಸಲ ಸೇವ್ ಮಾಡಿದ ಮೇಲೆ ನೆನಪಾಗಿ ಸರಿ ಮಾಡಿದೆ. ಹೊರಡುವಾಗ ಅವರು ಕೊನೆಯ ಹೆಸರೊಂದು ಹೇಳಿದರು, ಹೋದ ವರ್ಷ ತೀರಿಕೊಂಡ ಟೀಚರ್. “ಅವರ ಯಜಮಾನ್ರು ಫಲಕ ನೋಡೋಕೆ ಬರ್ತಾರೆ, ಮರೀಬೇಡಿ” ಅಂದರು. ಸೇರಿಸಿದೆ. ಬೇರೆ ಫೈಲಾಗಿ ಸೇವ್ ಮಾಡಿದೆ. ನೂರಕ್ಕೆ ನೂರು.

ಇವತ್ತು ಫಲಕ ಕೆತ್ತಿ ನಿಲ್ಲಿಸಿದ್ದಾನೆ. ಅಕ್ಷರಗಳ ಅಂಚನ್ನು ಉಳಿಯಲ್ಲಿ ಕೈಯಾರೆ ತೀಡಿ ಮುಗಿಸಿದ್ದಾನೆ — ಆ ಕೈಗೆಲಸಕ್ಕೇ ಜನ ನಮ್ಮಲ್ಲಿಗೆ ಬರುವುದು. ಆದರೆ ಆ ಹೆಸರಿಲ್ಲ. ಫೋಲ್ಡರ್ ತೆರೆದೆ. ಹೆಸರಿಲ್ಲದ ಡಿಸೈನ್ ಮೇಲೆ. ಸಮಯ ಮತ್ತೆ ಅದೇ, ರಾತ್ರಿ.

“ಸತ್ತವರ ಹೆಸರನ್ನೂ ಬಿಡಲಿಲ್ವಲ್ಲೋ ನೀನು!”

“ಮೇಲಿದ್ದಿದ್ದನ್ನ ಕೆತ್ತಿದೀನಿ. ಮಾಡೋದೆಲ್ಲ ನೀನು ಮಾಡಿ ನನ್ ತಲೆಗೆ ಕಟ್ಬೇಡ. ಇವತ್ತೇ ನಿನ್ ಲಿನಕ್ಸ್‌ಗೆ ಕೊನೆ.”

ಕಂಪ್ಯೂಟರ್ ಕಡೆ ತಿರುಗಿದ. ಕಣ್ಣು ಕತ್ತಲೆ ಬಂತು. ಫಲಕ ಎರಡೂ ಕೈಯಲ್ಲಿ ಎತ್ತಿದೆ. ಬೀಸಿದೆ. ಮುಖಕ್ಕೇ ಬೀಸಿದ್ದು, ಇಲ್ಲಿ ಯಾಕೆ ಸುಳ್ಳು. ಅವನು ಬಲಗೈ ಅಡ್ಡ ಹಿಡಿದ. ತಗಡಿನ ಅಂಚು ಅಂಗೈಯನ್ನು ಸೀಳಿಕೊಂಡು ಹೋಯಿತು. ಒಂದು ಕ್ಷಣ ಬೆಳ್ಳಗೆ ಕಂಡಿತು. ಆಮೇಲೆ ರಕ್ತ. ಮಾನಿಟರ್ ಮೇಲೆ, ಗೋಡೆಯ ಮೇಲೆ, ಕೆತ್ತಿದ ಹೆಸರುಗಳ ಒಳಗೆ. ಅವನು ಕಿರುಚಲಿಲ್ಲ. ಕೈ ನೋಡಿಕೊಂಡು, “ಬೆರಳು ಮಡಚ್ತಿಲ್ಲ ಕಣೇ” ಅಂದ. ಅಷ್ಟೇ ಅಂದ.

ಜೂನ್ 29

ನರ ತುಂಡಾಗಿದೆ. ಹೊಲಿದಿದ್ದಾರೆ. ಎರಡು ಬೆರಳು ಬರುವುದು ಅನುಮಾನ, ಉಳಿ ಹಿಡಿಯುವ ಮಾತು ಬಿಟ್ಟುಬಿಡಿ ಅಂದರಂತೆ ಡಾಕ್ಟರ್. ಮೆಷಿನ್‌ಗೆ ಸಿಕ್ಕಿತು ಅಂತ ಹೇಳಿದ್ದಾನೆ ಅಣ್ಣ. ಪೊಲೀಸರಿಗೂ ಅದನ್ನೇ.

ಅತ್ತಿಗೆ ನನ್ನನ್ನು ವಾರ್ಡಿನೊಳಗೆ ಬಿಡಲಿಲ್ಲ. “ನಿನ್ನ ಮುಖ ನೋಡಿದ್ರೆ ನನ್ನ ಕೈಯಿಂದ ಏನಾದ್ರೂ ಆಗಿಬಿಡುತ್ತೆ, ಹೋಗು.” ಬಂದೆ.

ಅಳು ಬರುತ್ತಿಲ್ಲ. ಅವನು ಮಾಡಿದ್ದು ತಪ್ಪೇ ಅಲ್ಲವೇ? ಮಾಡಿದ್ದಕ್ಕೆ ಅನುಭವಿಸಿದ ಅಂತ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು ನೆಲ ಒರೆಸಿದೆ. ಫಲಕದ ಅಕ್ಷರಗಳ ಸಂದಿಯಲ್ಲಿ ಒಣಗಿದ್ದು ಮಾತ್ರ ಹೋಗಲಿಲ್ಲ, ಸೂಜಿ ಹಾಕಿ ಕೆರೆದೆ.

ಜುಲೈ 3

ಶಾಲೆಯ ಫಲಕ ಮತ್ತೆ ಕೆತ್ತಬೇಕು. ಬೆಳಿಗ್ಗೆ ನಾನೇ ಅಣ್ಣನ ವಿಂಡೋಸ್ ತೆರೆದೆ, ಲಿನಕ್ಸ್ ಹಾಕಿದ ಮೇಲೆ ಮೊದಲ ಸಲ. ಗಡಿಯಾರ ಹಿಂದೆ ಇತ್ತು, ಅವನು ಹೇಳುತ್ತಿದ್ದ ಹಾಗೇ ನಸುಕು. ಸರಿ ಮಾಡಿದೆ. ಮೆಷಿನ್ ನಡೆಸಿದೆ. ಊಟ ಸೇರಲಿಲ್ಲ. ಕಂಪ್ಯೂಟರ್ ಆರಿಸಿ, ಹಚ್ಚಿ, ನನ್ನ ಕಡೆ ಬಂದೆ.

ರಾತ್ರಿ ತೋರಿಸುತ್ತಿದೆ.

ಯಾರು ಮುಟ್ಟಿದರು? ಅಣ್ಣ ಆಸ್ಪತ್ರೆಯ ಮಂಚದ ಮೇಲೆ. ಅತ್ತಿಗೆ ಅವನ ಪಕ್ಕ. ಬೀಗದ ಕೈ ಎರಡೂ ನನ್ನ ಹತ್ತಿರ. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ, ನಾನೊಬ್ಬಳೇ.

ಮತ್ತೆ ಮಾಡಿ ನೋಡಿದೆ. ನನ್ನ ಕಡೆ ಸರಿ ಮಾಡಿದರೆ ಅವನದು ಹಿಂದಕ್ಕೆ. ಅವನ ಕಡೆ ಸರಿ ಮಾಡಿದರೆ ನನ್ನದು ಮುಂದಕ್ಕೆ. ಅಯ್ಯೋ ದೇವರೇ.

ಫೋನಿನಲ್ಲಿ ಹುಡುಕಿದೆ. ಕೇಳುವ ಮೊದಲೇ ಉತ್ತರ ಕೊಟ್ಟಿತು, ಲೋಕಕ್ಕೆಲ್ಲಾ ಗೊತ್ತಿರುವ ಸಂಗತಿ. ಕಂಪ್ಯೂಟರ್ ಒಳಗಿನ ಗಡಿಯಾರ ಒಂದೇ. ವಿಂಡೋಸ್ ಅದರಲ್ಲಿ ನಮ್ಮ ಊರಿನ ಸಮಯವನ್ನೇ ಇಡುತ್ತದೆ. ಲಿನಕ್ಸ್ ಅದು ಲೋಕಕ್ಕೆಲ್ಲಾ ಒಂದೇ ಆದ ಸಮಯ ಅಂದುಕೊಂಡು, ನಮ್ಮ ಊರಿಗೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಸಿಸ್ಟಮ್ ಹಾಕುವವರು ಒಂದು ಸಾಲು ಟೈಪ್ ಮಾಡಿ ಇಬ್ಬರನ್ನೂ ಹೊಂದಿಸಬೇಕು. ಹಾಕಿದವಳು ನಾನು. ಆ ನಡುರಾತ್ರಿಯ ಡಿಸೈನ್‌ಗಳೂ ನನ್ನವೇ — ಗಡಿಯಾರ ಸರಿಮಾಡುವ ಮೊದಲು ನಾನೇ ಸಂಜೆ ಸೇವ್ ಮಾಡಿದ್ದು; ಸರಿ ಮಾಡಿದ ಮೇಲೆ ತಿದ್ದಿದ್ದಕ್ಕೆ ಸಂಜೆಯ ಸಮಯ ಬಿದ್ದು, ಅದು ಹಳೆಯದರಂತೆ ಕೆಳಗೆ ಹೋಯಿತು.

ಹುಡುಕಿದ್ದರೆ ಜೂನ್‌ನಲ್ಲೇ ಸಿಗುತ್ತಿತ್ತು. ಹುಡುಕಲಿಲ್ಲ. ಅಣ್ಣನೇ ಅಂತ ನನಗೆ ಗೊತ್ತಿತ್ತಲ್ಲ.

ಆ ಒಂದು ಸಾಲು ಟೈಪ್ ಮಾಡಿದೆ. ಎರಡೂ ಕಡೆ ಈಗ ಒಂದೇ ಸಮಯ.

ಜುಲೈ 8

ಅಣ್ಣ ಮನೆಗೆ ಬಂದ. ಅತ್ತಿಗೆ ತುತ್ತು ಕಲಸಿ ಬಾಯಿಗಿಡುತ್ತಾಳೆ. ನನ್ನ ತಟ್ಟೆ ಬೇರೆ ಮೂಲೆಯಲ್ಲಿ.

ಸಂಜೆ ಅವನೇ ಕೆಳಗೆ ಬಂದ. ಎಡಗೈಯಲ್ಲಿ ಮೌಸ್ ಹಿಡಿದು ತಡಕಾಡಿದ. ಗಡಿಯಾರ ನೋಡಿ ನಕ್ಕ.

“ನೋಡು, ನಾನು ಮುಟ್ಟದೆ ಹೋದ್ರೆ ಸರಿಯಾಗೇ ಇದೆ. ನಾನು ಮುಟ್ತಿದ್ದೆ ಕಣೇ, ನಿಜ. ನಿಂದು ಮುಂದೆ ಹೋಗುತ್ತೆ ಅಂತ ನೀನು ಬಡ್ಕೊಂಡ್ರೂ ನಂದನ್ನ ಸರಿ ಮಾಡ್ಕೋತಿದ್ದೆ. ಹಠ ನಂದು. ಅಲ್ಲಿ ಮಲಗಿ ಯೋಚ್ನೆ ಮಾಡ್ದೆ, ಮೊದಲ ದಿನ ಕೆನ್ನೆಗೆ ಹೊಡೆದವನೂ ನಾನೇ. ನಾನು ಕೆರಳಿಸ್ದೆ, ನೀನು ಬೀಸ್ದೆ. ಹೋಗ್ಲಿ ಬಿಡು. ನಿನ್ ಲಿನಕ್ಸ್ ಇರ್ಲಿ.”

ನಿಜ ಬಾಯಿಗೆ ಬಂತು. ನುಂಗಿಕೊಂಡೆ. ಥೂ ನನ್ನ ಜನ್ಮಕ್ಕೆ.

ಜುಲೈ 9, ಮಧ್ಯಾಹ್ನ

ಹೇಳಿದೆ. ಎಲ್ಲಾ. ಮಹಡಿಗೆ ಹೋಗಿ, ಅತ್ತಿಗೆಯ ಎದುರಿಗೇ.

ಅಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಬಿಡಿಸಿ ಹೇಳಿದೆ. ಅವನು ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

“ಅಂದ್ರೆ ನಾನು ಏನೂ ಮಾಡಿರ್ಲಿಲ್ಲ.”

“ಇಲ್ಲ.”

“ನೋವು ತಡೆಯೋಕಾಗ್ದೆ ಇದ್ದಾಗೆಲ್ಲಾ, ನಾನೂ ಏನೋ ಮಾಡಿದೀನಿ, ಅದಕ್ಕೇ ಆಯ್ತು ಅನ್ಕೊಂಡು ತಡ್ಕೋತಿದ್ದೆ ಕಣೇ. ಅದನ್ನೂ ಕಿತ್ಕೊಂಡ್ಯಲ್ಲ. ಈಗ ಏನು ಅನ್ಕೊಂಡು ತಡ್ಕೊಳ್ಳಿ?”

ಅವನ ಕಣ್ಣಲ್ಲಿ ನೀರು ನಾನು ಕಂಡೇ ಇರಲಿಲ್ಲ. ಅತ್ತಿಗೆ ನನ್ನ ರಟ್ಟೆ ಹಿಡಿದು ಮೆಟ್ಟಿಲಿಗೆ ದೂಡಿದಳು. ಉರುಳಿಕೊಂಡೇ ಬಂದೆ. ಶಟರ್ ಎಳೆದು ಕೂತಿದ್ದೇನೆ. ಮಂಡಿ ಒಡೆದಿದೆ. ಸಾಲದು.

ಜುಲೈ 9, ಸಂಜೆ — ಗಡಿಯಾರ ಸರಿಯಾಗಿಯೇ ಇದೆ

ಮಹಡಿಯಲ್ಲಿ ಪಾತ್ರೆ ಎಸೆದ ಸದ್ದು. ಆಮೇಲೆ ಕುರ್ಚಿ. ಅತ್ತಿಗೆ “ಬೇಡ, ಹೊಲಿಗೆ ಬಿಚ್ಚುತ್ತೆ, ಬೇಡ” ಅನ್ನುತ್ತಿದ್ದಾಳೆ.

ಮೆಟ್ಟಿಲಿಳಿಯುತ್ತಿದ್ದಾನೆ. ಅಣ್ಣನ ಹೆಜ್ಜೆ ನನಗೆ ಗೊತ್ತು.

ಶಟರ್ ತಟ್ಟಲಿಲ್ಲ. ಒದ್ದ. ಇಡೀ ಅಂಗಡಿ ಅದುರಿತು. ಮತ್ತೆ ಒದ್ದ. ನನ್ನ ಹೆಸರು ಹಿಡಿದು ಕೂಗುತ್ತಿದ್ದಾನೆ. ಬೈಗುಳವೋ ಅಳುವೋ, ತಗಡಿನ ಸದ್ದಿನಲ್ಲಿ ತಿಳಿಯುತ್ತಿಲ್ಲ.

ಈ ಸಲ ನಾನು ಕೈ ಎತ್ತುವುದಿಲ್ಲ. ಅಡ್ಡವೂ ಹಿಡಿಯುವುದಿಲ್ಲ. ಏನೇ ಆಗಲಿ, ಶಟರ್ ತೆಗೆಯಲು ಹೋಗುತ್ತಿದ್ದೇನೆ.