ರೊಟ್ಟಿ ಬಡಿದ ಸದ್ದು

ರೇಣು,

ನಿನ್ನ ಎಬ್ಬಿಸಿದ್ರ ನಾ ಸಿಟ್ಟಿಲೆ ಬಾಯಿಗೆ ಬಂದಂಗ ಬೈತಿದ್ದೆ, ಅದಕ್ಕ ಇದನ್ನ ಬರದಿಟ್ಟು ಬಿಬವೇವಾಡಿ ಮೆಸ್ಸಿಗೆ ಕೆಲಸಕ್ಕ ಹೊಂಟೀನಿ.

ನಿಮ್ಮ ಪಂಕ್ ಬ್ಯಾಂಡಿನ ಹೊಸ ಹಾಡು ನಿನ್ನೆ ಬಾಜೂಮನಿ ಸುರಭಿ ಮೊಬೈಲಿನ್ಯಾಗ ಕೇಳಿಸಿದಳು. ‘ಅಪ್ಪ ಒದರತಾನ, ಅವ್ವ ರೊಟ್ಟಿ ಬಡಕೋತ ಅಳತಾಳ’ ಅಂತ ಹಾಡೀಯಲ್ಲ, ನಾ ಅತ್ತಿದ್ದು ನೀ ಯಾವಾಗ ನೋಡಿದಿ? ನಿಮ್ಮಪ್ಪನ ಹೊಲಸು ಬೈಗುಳ ನಿನ್ನ ಕಿವಿಗೆ ಬೀಳಬಾರದಂತ ಕೈ ಕೆಂಪಾಗೂತನಕ ಜೋರ್ಲೆ ರೊಟ್ಟಿ ಬಡೀತಿದ್ದೆ. ಉಣ್ಣಾವ್ರು ಇರಲಿಲ್ಲಂದ್ರೂ ಬಡೀತಿದ್ದೆ. ಕಡೀಕೆ ಅವನ ಬ್ಯಾಗು ಹೊರಗ ಒಗದಾಕಿನೂ ನಾನ. ಅದು ಹಾಡಿನ್ಯಾಗ ಯಾಕಿಲ್ಲ?

ಡಬ್ಬಿಯೊಳಗ ಪುಂಡಿಪಲ್ಯ ಅದ. ನಿಮ್ಮ ಡ್ರಮ್ಮಿನ ಮಾಂತುಗೂ ಒಯ್ಯಿ. ಉಂಡಾದ್ರೂ ಅವನ ಕೈಯಾಗ ಜೋರು ಬರತದೇನೋ. ಅಂವಾ ಡ್ರಮ್ ಬಡದ್ರ ರೊಟ್ಟಿ ಬಡದಂಗಲ್ಲ, ಸೊಳ್ಳಿ ಬಡದಂಗ.

ಗ್ಯಾಸ್ ಬಂದ್ ಮಾಡಿ ಹೋಗು.

ಸಂಜಿಕ ಧನಕವಡಿಗೆ ನಿಮ್ಮ ಶೋ ನೋಡಾಕ ಬರ್ತೀನಿ, ಮುಂದ ಕೂಡ್ತೀನಿ. ಅಷ್ಟೊತ್ತಿಗೆ ಅಳೂ ಸಾಲು ತಗದಿರಬೇಕು. ಕಡೀ ಸಾಲು ಮಾತ್ರ ಮುಟ್ಟಬ್ಯಾಡ. ‘ಈಗ ಬಾಗಲಾ ಬಡದ್ರ ನಮ್ಮ ಮನ್ಯಾಗ ಯಾರೂ ಹೆದರೂದಿಲ್ಲ.’ ಅದು ಖರೆ ಅದ. ಅದನ್ನ ಹಾಡುಮುಂದ ಮಾಂತುಗ ಡ್ರಮ್ ನಿಲ್ಲಸು ಅನ್ನು. ಎಲ್ಲಾರಿಗೂ ಕೇಳಲಿ.

ಅವ್ವ