ಕತ್ತರಿಸಿದ ಅಂಚುಗಳಿಗೆ ಒಂದು ಉದ್ದನೆಯ ಮೇಜು ಕೋರಿ

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಅರವತ್ತು ದಿನಗಳೊಳಗೆ ಖುದ್ದಾಗಿ ಹಾಜರಾಗಿ ಪರೀಕ್ಷಕರ ಆಕ್ಷೇಪಕ್ಕೆ ಉತ್ತರಿಸದಿದ್ದರೆ ಪ್ರಬಂಧವನ್ನು ತಿರಸ್ಕರಿಸುವುದಾಗಿ ನೀವು ಯಾರಿಗೆ ನೋಟಿಸು ಕಳಿಸಿದ್ದೀರೋ ಆಕೆ ನನ್ನ ಮಗಳು. ಜ್ವರವೆಂದು ಆಸ್ಪತ್ರೆ ಸೇರಿದವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಮರಣಪತ್ರ ಲಗತ್ತಿಸಿ ಎರಡು ಬಾರಿ ಅರ್ಜಿ ಬರೆದೆ. ಅಭ್ಯರ್ಥಿಯ ಸಹಿಯಿಲ್ಲವೆಂದು ಎರಡೂ ಹಿಂದಿರುಗಿದವು. ನಿಮ್ಮ ನಿಯಮಪಾಲನೆಗೆ ತಲೆಬಾಗುತ್ತೇನೆ. ಆ ಸಹಿಯನ್ನು ಎಲ್ಲಿಂದ ತರಬೇಕೆಂಬುದನ್ನೂ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ಆಕೆ ಚಿತ್ರಕಲಾ ಶಿಕ್ಷಕಿ. ಕಲಾಶಿಕ್ಷಣದಲ್ಲಿ ಡಾಕ್ಟರೇಟಿಗಾಗಿ ಏಳು ವರ್ಷ ದುಡಿದಳು. ಪುಟ್ಟ ಮಕ್ಕಳು ಮನೆಯವರ ಚಿತ್ರ ಬರೆಯುವಾಗ, ಯಾರ ಬಗ್ಗೆ ಮಾತಾಡಲಾರರೋ ಅವರನ್ನು ಹಾಳೆಯ ತುದಿಗೆ ಸರಿಸುತ್ತಾರೆ ಎಂಬುದು ಆಕೆಯ ವಾದ. ಅದಕ್ಕೆ ಪುರಾವೆಯಾಗಿ ನೂರ ನಾಲ್ವತ್ತು ಮೂಲಚಿತ್ರಗಳನ್ನೇ ಪ್ರಬಂಧದಲ್ಲಿ ಸೇರಿಸಿದ್ದಳು. ನಿಮ್ಮ ವಿಭಾಗ ಅದನ್ನು ಸ್ವೀಕರಿಸಲಿಲ್ಲ.

"ಮೇಡಂ, ಪ್ರಬಂಧದ ಪ್ರತಿ ಪುಟಕ್ಕೂ ಸುತ್ತ ಒಂದಿಂಚು ಖಾಲಿ ಇರ್ಬೇಕು, ಈ ಚಿತ್ರಗಳು ತುದಿವರೆಗೂ ಇವೆ. ಚಿಕ್ಕದು ಮಾಡಿದ ಜೆರಾಕ್ಸೂ ನಡೆಯಲ್ಲ, ಮೂಲಾನೇ ಬೇಕು. ಮಕ್ಕಳ ಹತ್ರ ಇನ್ನೊಂದ್ಸಲ ಬರೆಸ್ಕೊಂಡು ಬನ್ನಿ" ಎಂದರಂತೆ ಗುಮಾಸ್ತರು.

"ಆ ಮಕ್ಕಳಿಗೆ ಈಗ ಮೀಸೆ ಬಂದಿದೆ ಸರ್" ಎಂದಳಂತೆ ಈಕೆ.

ಮನೆಗೆ ಬಂದು ನನ್ನನ್ನು ಕೇಳಿದಳು: "ಅಪ್ಪಾ, ಅಂಚೇ ಹೋದ್ರೆ ನನ್ನ ಪ್ರಬಂಧದಲ್ಲಿ ಇನ್ನೇನು ಉಳಿಯುತ್ತೆ?"

ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯ ಫಲಕಗಳನ್ನು ಗೆದ್ದವನು ನಾನು. ಅಂದು ನಿಮ್ಮ ಪರವಾಗಿ ವಾದಿಸಿದೆ. "ನಿಯಮ ಅಂದ್ರೆ ನಿಯಮ. ಎಲ್ಲರಿಗೂ ಇರೋದು ನಿನಗೂ ಇದೆ. ಕತ್ತರಿಸಿ ಅಂಟಿಸು."

"ನಿಮ್ಮ ಹತ್ರ ವಾದ ಮಾಡಿ ಗೆದ್ದೋರು ಯಾರಿದ್ದಾರೆ, ಬಿಡಿ" ಎಂದು ಎದ್ದು ಹೋಗಿ ಅಳತೆಪಟ್ಟಿ, ಬ್ಲೇಡು ತಂದಳು. ಹಾಳೆ ಅಲುಗದಂತೆ ಹಿಡಿದವನು ನಾನೇ. ಪ್ರತಿ ಚೂರಿನ ಬೆನ್ನಿಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದಿಟ್ಟಳು. ಏಕೆಂದು ನಾನು ಕೇಳಲಿಲ್ಲ.

ಈಗ ನಿಮ್ಮ ಪರೀಕ್ಷಕರ ಆಕ್ಷೇಪ ಬಂದಿದೆ: "ಹಾಳೆಯ ತುದಿಯಲ್ಲಿ ವ್ಯಕ್ತಿಗಳಿರುವರೆಂಬ ವಾದಕ್ಕೆ ಚಿತ್ರಗಳಲ್ಲಿ ಆಧಾರ ಕಾಣುವುದಿಲ್ಲ." ಕಾಣುವುದಾದರೂ ಹೇಗೆ? ಕತ್ತರಿಸಬೇಕಾದ ಸ್ಥಿತಿ ತಂದವರು ನೀವು, ಸಮರ್ಥಿಸಿದವನು ನಾನು. ನಮ್ಮಿಬ್ಬರನ್ನು ಬಿಟ್ಟು ಉತ್ತರ ಹೇಳಬೇಕಾದವಳು ಆಕೆಯೊಬ್ಬಳೇ?

ಕರುಣೆಯ ಪದವಿಯನ್ನು ನಾನು ಕೇಳುತ್ತಿಲ್ಲ. ಕೊಟ್ಟರೂ ಆಕೆ ಮುಟ್ಟುತ್ತಿರಲಿಲ್ಲ. ನಿಮ್ಮ ಗಡುವಿನಲ್ಲಿ ಇನ್ನು ಹದಿನೆಂಟು ದಿನ ಉಳಿದಿವೆ. ಅಷ್ಟರೊಳಗೆ ಪರೀಕ್ಷಕರನ್ನು ಕರೆಸಿ, ಒಂದು ಉದ್ದನೆಯ ಮೇಜು ಕೊಡಿ. ಚಪ್ಪಲಿ ಡಬ್ಬಿಯಲ್ಲಿ ಆಕೆ ಜೋಡಿಸಿಟ್ಟ ಚೂರುಗಳನ್ನು ತರುತ್ತೇನೆ, ಸಂಖ್ಯೆ ನೋಡಿ ಚಿತ್ರಗಳ ಪಕ್ಕದಲ್ಲಿಡುತ್ತೇನೆ. ಬಾಯಿ ತೆರೆಯುವುದಿಲ್ಲ. ನೋಡಿದ ಮೇಲೂ ಆಧಾರವಿಲ್ಲವೆಂದರೆ ಧಾರಾಳವಾಗಿ ತಿರಸ್ಕರಿಸಿ.

ಐವತ್ತೇಳನೆಯದನ್ನು ಮೊದಲು ನೋಡಿ. ನನ್ನ ಬಳಿಯಿರುವ ಚೂರಿನಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಅಪ್ಪನಿದ್ದಾನೆ. ಅವನತ್ತ ಕೈ ಚಾಚಿದ ಹುಡುಗಿ ನಿಮ್ಮ ಕಚೇರಿಯ ಕಪಾಟಿನಲ್ಲಿದ್ದಾಳೆ.

ಇಂತಿ,
ತಾನು ಗೆದ್ದ ವಾದವೊಂದನ್ನು ತಡವಾಗಿ ಹಿಂತೆಗೆದುಕೊಳ್ಳುತ್ತಿರುವ,
ಅಭ್ಯರ್ಥಿಯ ತಂದೆ